ಕೆಂಪು ದೀಪ ಆರಬೇಕು

ಡ್ರೈವರ್ ಸೀಟಿನ ಬೆನ್ನಿಗೆ ಹಿಮ್ಮಡಿಗಳನ್ನು ಆನಿಸಿ, ತಲೆಯನ್ನು ಬ್ರೇಕ್ ಪೆಡಲಿನ ಪಕ್ಕಕ್ಕೆ ಇಳಿಬಿಟ್ಟು ಮಲಗಿದರೆ ಡ್ಯಾಶ್‌ಬೋರ್ಡಿನ ಒಳಹೊಟ್ಟೆ ಪೂರಾ ಕಾಣುತ್ತದೆ. ಸಿಕ್ಕುಸಿಕ್ಕಾದ ವೈರುಗಳು, ಧೂಳು ಕುಡಿದು ಬೂದಿಬಣ್ಣಕ್ಕೆ ತಿರುಗಿದ ಸ್ಪಂಜು, ಮೀಟರಿನ ಬೆನ್ನಿಗೆ ಸಾಲಾಗಿ ಚುಚ್ಚಿಕೊಂಡ ಬಲ್ಬಿನ ಹೋಲ್ಡರುಗಳು. ಹದಿನೆಂಟು ವರ್ಷದಿಂದ ಹೀಗೆ ಮಲಗಿ ರೂಢಿಯಾದವಳಿಗೆ ರಕ್ತ ತಲೆಗಿಳಿದದ್ದು ಗೊತ್ತೇ ಆಗುತ್ತಿರಲಿಲ್ಲ. ಇವತ್ತು ಮಾತ್ರ ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. ತೆರೆದ ಬಾಗಿಲಿನಾಚೆ ರಸ್ತೆ ತಲೆಕೆಳಗಾಗಿತ್ತು, ರಸ್ತೆಯಾಚೆಯ ಬ್ಯಾಟರಿ ಅಂಗಡಿಯೂ ತಲೆಕೆಳಗಾಗಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟ ಸತ್ತ ಬ್ಯಾಟರಿಗಳು ಸೂರಿಗೆ ಅಂಟಿ ನೇತಾಡುತ್ತಿರುವಂತೆ ಕಂಡವು. ಎಣಿಸಿದಳು. ಐದು. ನಿನ್ನೆ ನಾಲ್ಕಿದ್ದವು. ಅವೆಲ್ಲ ಮೂಲೆಯ ಟ್ಯಾಕ್ಸಿ ಸ್ಟ್ಯಾಂಡಿನವು. ಸ್ಟ್ಯಾಂಡಿನಲ್ಲಿ ಇರುವುದೇ ಒಂಬತ್ತು ಟ್ಯಾಕ್ಸಿ, ಆ ಒಂಬತ್ತಕ್ಕೂ ಹೋದ ತಿಂಗಳು ಡ್ಯಾಶ್‌ಬೋರ್ಡಿನ ಬಲ್ಬುಗಳನ್ನು ಹಾಕಿದವಳು ಇವಳೇ. ಇವೆರಡಕ್ಕೂ ಸಂಬಂಧವಿಲ್ಲ ಎಂದು ಬೆಳಗಿನಿಂದ ನಾಲ್ಕು ಸಲ ತನಗೆ ತಾನೇ ಹೇಳಿಕೊಂಡಿದ್ದಳು. ಸಂಬಂಧವೇ ಇಲ್ಲದ್ದನ್ನು ಯಾರಾದರೂ ನಾಲ್ಕು ಸಲ ಹೇಳಿಕೊಳ್ಳುತ್ತಾರೆಯೇ?

ಗ್ಯಾರೇಜು ಅಕ್ಕನ ಗಂಡನದು. ಅವರ ಮಕ್ಕಳು ಚಿಕ್ಕಮ್ಮ ಎನ್ನುವುದನ್ನು ಕೇಳಿ ಕೇಳಿ ಡ್ರೈವರುಗಳೂ ಹಾಗೇ ಕರೆಯತೊಡಗಿ, ಈಗ ಅವಳಿಗಿಂತ ಹತ್ತು ವರ್ಷ ಹಿರಿಯರಿಗೂ ಅವಳು ಚಿಕ್ಕಮ್ಮನೇ ಆಗಿದ್ದಳು. ಕೈ ಸಣ್ಣದು. ಬೇರೆಯವರು ಸ್ಟಿಯರಿಂಗ್ ಸುತ್ತಲಿನದನ್ನೆಲ್ಲ ಬಿಚ್ಚಿ ಅರ್ಧ ದಿನ ಕೂರುವ ಕೆಲಸವನ್ನು ಅವಳು ಕೆಳಗಿನಿಂದ ಮೊಣಕೈವರೆಗೆ ತೂರಿಸಿ, ಕಣ್ಣು ಮುಚ್ಚಿಕೊಂಡು, ಬೆರಳ ತುದಿಯಲ್ಲೇ ಮುಗಿಸುತ್ತಿದ್ದಳು. ಸುಟ್ಟ ಬಲ್ಬನ್ನು ತೆಗೆದು ಹೊಸದು ಹಾಕುವುದು ಯಾರಿಗೂ ಬರುತ್ತದೆ. ಹಾಕಿದ್ದು ಬಾಳುವಂತೆ ಮಾಡುವುದು ಅವಳದೇ ವಿದ್ಯೆ. ಒಂದು ಬಲ್ಬು ಹೋಯಿತೆಂದರೆ ಜೊತೆಗೆ ಹುಟ್ಟಿದ ಉಳಿದವಕ್ಕೂ ವಯಸ್ಸಾಗಿದೆ, ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಕು. ಹೋಲ್ಡರಿನ ಹಿತ್ತಾಳೆಯ ನಾಲಿಗೆಯನ್ನು ಮಕ್ಕಳ ರಬ್ಬರಿನಿಂದ ಹೊಳೆಯುವ ತನಕ ಉಜ್ಜಬೇಕು. ಬಲ್ಬು ಕುಳಿತ ಮೇಲೆ ಅಲುಗಾಡಬಾರದು, ಅಲುಗಾಡಿದರೆ ರಸ್ತೆಯ ಪ್ರತಿ ಗುಂಡಿಯೂ ಅದರ ಒಳತಂತಿಯನ್ನು ಕುಟ್ಟುತ್ತದೆ. ಗಾಡಿ ಸ್ಟಾರ್ಟ್ ಮಾಡುವ ಮೊದಲೇ ದೀಪ ಹಾಕಬೇಡಿ ಎಂದು ಡ್ರೈವರುಗಳಿಗೆ ಹೇಳಿ ಕಳಿಸುವುದು ಬೇರೆ. ಕೊನೆಗೆ, ಮೀಟರಿನ ದೀಪಗಳಿಗೆಲ್ಲ ಕರೆಂಟು ತರುವ ವೈರಿನ ನಡುವೆ ಕಾಳಿನಷ್ಟು ಚಿಕ್ಕ ಡಯೋಡ್ ಒಂದನ್ನು ಬೆಸೆಯುವುದು. ಅದು ಕರೆಂಟಿನ ಬಿರುಸನ್ನು ಚೂರು ತಗ್ಗಿಸುತ್ತದೆ. ಉರಿ ಚೂರು ತಗ್ಗಿದರೂ ಸಾಕು, ಬಾಳಿಕೆ ಇಮ್ಮಡಿಯಾಗುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಹದಿನೆಂಟು ವರ್ಷ ಸುಟ್ಟ ಬಲ್ಬುಗಳನ್ನು ಬೆಳಕಿಗೆ ಹಿಡಿದು ನೋಡಿ ತಿಳಿದದ್ದು. ಚಿಕ್ಕಮ್ಮ ಹಾಕಿದ ದೀಪದಲ್ಲಿ ಮೀಟರ್ ಓದೋದಕ್ಕೆ ಇನ್ನೊಂದು ದೀಪ ಬೇಕು ಎಂದು ಡ್ರೈವರುಗಳು ನಗಾಡುತ್ತಿದ್ದರು. ಅವಳೂ ನಗುತ್ತಿದ್ದಳು. ಅವಳ ನಗುವೂ ಅಷ್ಟೇ, ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಂಥದ್ದು. ಅಕ್ಕ ಎಷ್ಟೋ ಸಲ ಊಟದ ತಟ್ಟೆ ಮುಂದಿಟ್ಟು ಹೇಳಿದ್ದುಂಟು: ನೀನು ಸಾಕು ಅಂದದ್ದೂ ಕೇಳಿಸಲ್ಲ, ಬೇಕು ಅಂದದ್ದೂ ಕೇಳಿಸಲ್ಲ, ನಿನಗೆ ಬಡಿಸೋದು ಹೇಗೆ ಮಾರಾಯ್ತಿ.

ರಸ್ತೆಯಾಚೆ ದನಿಗಳು ಏರಿದವು. ತಲೆಕೆಳಗಾದ ಕಾಲುಗಳಿಂದಲೇ ಯಾರು ಯಾರೆಂದು ಅವಳಿಗೆ ಗೊತ್ತಾಗುತ್ತಿತ್ತು. ಮೊನಚು ಮೂಗಿನ ಬೂಟು ಬಿರುಗಾಳಿಯದು. ಸ್ಟ್ಯಾಂಡಿನ ಒಂಬತ್ತು ಜನಕ್ಕೂ ಅವನೇ ಮುಂದಾಳು. ಸಿಗ್ನಲ್ಲಿನಲ್ಲಿ ನಿಂತಾಗಲೂ ಆಕ್ಸಿಲರೇಟರನ್ನು ಗುರ್ ಗುರ್ ಎನ್ನಿಸುತ್ತಲೇ ಇರುವವನು, ಅದಕ್ಕೇ ಆ ಹೆಸರು. ಅವನ ಹಿಂದೆ ಒಂದಕ್ಕೊಂದು ತಾಗಿಸಿ ನಿಂತ ಹರಕು ಚಪ್ಪಲಿಗಳು ಆಮೆಯವು. ಆಮೆ ಗಾಡಿ ಓಡಿಸಿದರೆ ಹಿಂದಿನ ಸೀಟಿನಲ್ಲಿಟ್ಟ ತುಂಬಿದ ಲೋಟ ತುಳುಕುವುದಿಲ್ಲ ಎಂದು ಬಸುರಿಯರೂ ಮುದುಕರೂ ಅವನನ್ನೇ ಕೇಳಿ ಕರೆಸಿಕೊಳ್ಳುತ್ತಿದ್ದರು. ಎಲ್ಲರಿಗಿಂತ ಮೊದಲು ಕೈಕೊಟ್ಟ ಬ್ಯಾಟರಿ ಅವನದು. ಆಗ ಬ್ಯಾಟರಿಯನ್ನು ಯಾರೂ ಬೈಯಲಿಲ್ಲ, ಅವನನ್ನೇ ಬೈದರು. ದೀಪ ಆರಿಸದೆ ಮಲಗಿದ್ದೀಯ, ರೇಡಿಯೋ ಹಚ್ಚಿಟ್ಟು ಮರೆತಿದ್ದೀಯ ಅಂದರು. ಅವನು ತನ್ನನ್ನೇ ಸಂಶಯಪಡುತ್ತಾ, ರಾತ್ರಿಯೆಲ್ಲ ಎದ್ದೆದ್ದು ಹೋಗಿ ಗಾಡಿಯ ದೀಪ ನೋಡಿ ಬರುತ್ತಿದ್ದ. ಎರಡನೆಯದು, ಮೂರನೆಯದು ಸತ್ತ ಮೇಲೆ ಬೈಗಳು ರಸ್ತೆ ದಾಟಿ ಬ್ಯಾಟರಿ ಅಂಗಡಿಯ ಯಜಮಾನರ ಮೇಲೆ ಬಿದ್ದವು. ಸತ್ತ ಮಾಲು ಮಾರುತ್ತಾರೆ, ವಯಸ್ಸಾಯಿತು, ಕಣ್ಣು ಕಾಣುವುದಿಲ್ಲ, ನೀರು ಸುರಿದು ಕೊಡುತ್ತಾರೆ. ಇವತ್ತು ಮಧ್ಯಾಹ್ನದ ಊಟವಾದ ಮೇಲೆ ಸ್ಟ್ಯಾಂಡಿನವರೆಲ್ಲ ಸೇರಿ ಅವರ ಅಂಗಡಿಗೆ ಇನ್ನು ಕಾಲಿಡುವುದಿಲ್ಲ ಎಂದು ಬರೆದು, ಆ ಬರಹವನ್ನು ಸ್ಟ್ಯಾಂಡಿನ ಕಂಬಕ್ಕೆ ಅಂಟಿಸುವುದೆಂದು ತೀರ್ಮಾನವಾಗಿತ್ತು. ಊರಿನ ಗಾಡಿಗಳೆಲ್ಲ ಆ ಕಂಬದ ಮುಂದೆಯೇ ಹಾದುಹೋಗಬೇಕು.

ಯಜಮಾನರು ಕೂಗಾಡಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಒಂದೊಂದೇ ಬ್ಯಾಟರಿಯ ಮುಚ್ಚಳ ತಿರುಗಿಸಿ ತೆಗೆದು, ತುದಿಗೆ ರಬ್ಬರಿನ ಬುಡ್ಡೆಯಿದ್ದ ಗಾಜಿನ ಕೊಳವೆಯಲ್ಲಿ ನೀರನ್ನು ಎಳೆದು, ಅದರೊಳಗೆ ತೇಲುವ ಕಡ್ಡಿ ಎಲ್ಲಿಗೆ ನಿಂತಿತೆಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಆಮೇಲೆ ಬಿರುಗಾಳಿಯ ಬೂಟಿಗೆ ಹೇಳುವಂತೆ ಹೇಳಿದರು:

"ಇದು ಕೆಟ್ಟ ಬ್ಯಾಟರಿ ಅಲ್ಲಪ್ಪ. ಹಸಿದ ಬ್ಯಾಟರಿ. ನೀವು ಇದಕ್ಕೆ ಉಣಿಸ್ತಾ ಇಲ್ಲ."

ಉಣಿಸೋದಕ್ಕೆ ಇದೇನು ಎಳೆಕೂಸಾ ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಆಮೆಯೂ ನಕ್ಕ, ನಗದಿದ್ದರೆ ತನ್ನನ್ನು ಮತ್ತೆ ಹಿಡಿದುಕೊಳ್ಳುತ್ತಾರೆಂದು. ಯಜಮಾನರು ಎದ್ದು ನಿಲ್ಲಲು ಮೆಟ್ಟಿಲಿಗೆ ಕೈಯೂರಿದರು, ಯಾರೂ ಕೈ ಕೊಡಲಿಲ್ಲ. ಆ ಕೈ ಊರಿದ್ದನ್ನು ಅವಳು ತಲೆಕೆಳಗಾಗಿ ನೋಡಿದಳು. ಹಸಿದ ಬ್ಯಾಟರಿ. ಅವಳ ಬೆರಳುಗಳ ನಡುವೆ ಆಗ ಒಂದು ಬಲ್ಬಿತ್ತು. ಈ ಕಾರು ಶಾಲೆಯ ಯಾರೋ ಮೇಡಂದು, ಸ್ಟ್ಯಾಂಡಿಗೂ ಇದಕ್ಕೂ ಸಂಬಂಧವಿಲ್ಲ. ಆಗಷ್ಟೇ ಹೊರಗೆಳೆದ ಬಲ್ಬು ಬ್ಯಾಟರಿಯ ಚಿತ್ರವಿರುವ ಕೆಂಪು ದೀಪದ್ದು. ಕೀಲಿ ತಿರುಗಿಸಿದೊಡನೆ ಹತ್ತಿ, ಇಂಜಿನ್ ಹೊರಟೊಡನೆ ಆರುವ ದೀಪ. ಮೂರು ವ್ಯಾಟಿನ ಬಲ್ಬು. ಡ್ರೈವರುಗಳು ಕೀಲಿ ತಿರುಗಿಸಿಟ್ಟು ಹಾಡು ಕೇಳುತ್ತಾ ಗಿರಾಕಿಗೆ ಕಾಯುವುದರಿಂದ ಸ್ಟ್ಯಾಂಡಿನ ಗಾಡಿಗಳಲ್ಲಿ ಇದೇ ಬಲ್ಬು ಗಂಟೆಗಟ್ಟಲೆ ಉರಿದುರಿದು ಹೋಲ್ಡರೆಲ್ಲ ಕಂದುಹೋಗಿತ್ತು. ಒಂದು ಸೂಚನೆಯ ದೀಪಕ್ಕೆ ಇಷ್ಟು ಉರಿ ಯಾಕೆಂದು, ಒಂಬತ್ತರಲ್ಲೂ ಅದನ್ನು ಕಿತ್ತು ಒಂದು ವ್ಯಾಟಿನ ಸಣ್ಣದನ್ನು ಹಾಕಿದ್ದಳು. ಯಾರೂ ಕೇಳಿರಲಿಲ್ಲ. ತಾನಾಗಿ ಮಾಡಿದ ಉಪಕಾರ. ಮಾಡಿದ ದಿನ ಮನೆಗೆ ಹೋಗುವಾಗ ಒಬ್ಬಳೇ ಖುಷಿಪಟ್ಟಿದ್ದೂ ಈಗ ನೆನಪಾಯಿತು.

ಹೋಲ್ಡರಿನ ಬೆನ್ನಿನಿಂದ ಹೊರಟ ತೆಳ್ಳನೆಯ ವೈರನ್ನು ಬೆರಳಿನಿಂದ ಹಿಡಿದು ಹಿಂಬಾಲಿಸಿದಳು. ಬೇರೆ ವೈರುಗಳೆಲ್ಲ ಸ್ವಿಚ್ಚಿಗೋ ಫ್ಯೂಸಿಗೋ ಹೋಗಿ ನಿಂತರೆ ಇದು ಮಾತ್ರ ಎಡಕ್ಕೆ ಬಾಗಿ, ಕೆಳಗಿಳಿದು, ತಗಡಿನ ಗೋಡೆಯ ರಬ್ಬರು ತೂತಿನೊಳಗೆ ನುಸುಳಿ ಇಂಜಿನ್ನಿನ ಕಡೆಗೆ ಹೋಯಿತು. ಅವಳ ಬೆರಳು ಅಲ್ಲಿಗೆ ನಿಂತಿತು. ಹದಿನೆಂಟು ವರ್ಷವೂ ಅಲ್ಲಿಗೇ ನಿಂತಿತ್ತು. ಆ ತಗಡಿನ ಗೋಡೆಯಾಚೆಗಿನದು ಭಾವನದು, ಈಚೆಗಿನದು ಅವಳದು. ಮೊದಲ ದಿನವೇ ಆದ ಮಾತಲ್ಲ ಅದು, ಹಾಗೇ ಬೆಳೆದು ಬಂದದ್ದು, ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಹಿತ್ತಿಲು ಹಂಚಿಕೊಂಡ ಹಾಗೆ. ಭಾವ ಡ್ಯಾಶ್‌ಬೋರ್ಡಿಗೆ ಕೈ ಹಾಕುವುದಿಲ್ಲ, ಅವಳು ಬಾನೆಟ್ ಎತ್ತುವುದಿಲ್ಲ. ಈ ವೈರು ಆಚೆ ಹೋಗಿ ಏನು ಮಾಡುತ್ತದೆಂದು ಅವಳು ಕೇಳಿರಲಿಲ್ಲ, ಈಚೆ ಬಂದು ಏನು ಮಾಡುತ್ತದೆಂದು ಅವರೂ ಕೇಳಿರಲಿಲ್ಲ. ಆಚೆ ಇರುವುದು ಆಲ್ಟರ್ನೇಟರ್. ಇಂಜಿನ್ ತಿರುಗುವಾಗ ತಾನೂ ತಿರುಗಿ ಬ್ಯಾಟರಿಗೆ ಉಣಿಸುವುದು ಅದೇ. ಮೊದಲನೆಯ ಚೂರು ಕರೆಂಟು ಕೊಟ್ಟು ಯಾರಾದರೂ ಎಬ್ಬಿಸಿದರೆ ಮಾತ್ರ ಅದು ಎದ್ದು ಕೆಲಸಕ್ಕೆ ತೊಡಗುತ್ತದೆ. ಆ ಮೊದಲ ಚೂರು ಯಾವ ದಾರಿಯಲ್ಲಿ ಹೋಗುತ್ತಿತ್ತು?

ಕಾರಿನಿಂದ ಹೊರಗೆ ಬಂದಳು. ಆಮೆಯ ಟ್ಯಾಕ್ಸಿ ಗ್ಯಾರೇಜಿನ ಮೂಲೆಯಲ್ಲಿ, ಎರವಲು ಬ್ಯಾಟರಿಯೊಂದನ್ನು ಹಾಕಿಸಿಕೊಂಡು ನಿಂತಿತ್ತು. ಭಾವ ಒಳಗೆ ಟೈರು ಎತ್ತಿಡುತ್ತಿದ್ದರು. ವೋಲ್ಟ್ ಮೀಟರನ್ನು ತೆಗೆದುಕೊಂಡು ಹೋಗಿ, ಬಾನೆಟ್ ಎತ್ತುವ ಕೊಕ್ಕೆ ಎಲ್ಲಿದೆಯೆಂದು ತಡಕಾಡಿ, ಎತ್ತಿ, ವೋಲ್ಟ್ ಮೀಟರಿನ ಎರಡು ಕ್ಲಿಪ್ಪುಗಳನ್ನು ಬ್ಯಾಟರಿಗೆ ಕಚ್ಚಿಸಿ, ಅದನ್ನು ಕಿಟಕಿಯ ಬಳಿಗೆ ಎಳೆದಿಟ್ಟುಕೊಂಡಳು. ಒಳಗೆ ಕೂತು ಸ್ಟಾರ್ಟ್ ಮಾಡಿದಳು. ಆಕ್ಸಿಲರೇಟರಿಗೆ ಕಾಲು ತಾಗಿಸಲಿಲ್ಲ. ಆಮೆ ಹೇಗೆ ಮಾಡುತ್ತಾನೋ ಹಾಗೆ. ಕೆಂಪು ದೀಪ ಆರಿದಂತೆ ಕಂಡಿತು. ಸೆರಗನ್ನು ತಲೆಯ ಮೇಲಿಂದ ಎಳೆದು ಮೀಟರಿನ ಮೇಲೆ ಕವಿದು, ಆ ಕತ್ತಲೊಳಗೆ ಮುಖವಿಟ್ಟು ನೋಡಿದಳು. ಆರಿರಲಿಲ್ಲ. ಕೆಂಡದ ಮೇಲೆ ಬೂದಿ ಕೂತಾಗ ಕಾಣುವಷ್ಟೇ ಕೆಂಪಾಗಿ ಉರಿಯುತ್ತಿತ್ತು. ಹಗಲು ಬೆಳಕಿನಲ್ಲಿ ಯಾವ ಡ್ರೈವರಿನ ಕಣ್ಣಿಗೂ ಬೀಳದಷ್ಟು ಮಂದವಾಗಿ, ಉಣಿಸ್ತಾ ಇಲ್ಲ, ಉಣಿಸ್ತಾ ಇಲ್ಲ ಎಂದು ತಿಂಗಳಿನಿಂದ ಹೇಳುತ್ತಲೇ ಇದ್ದ ದೀಪ. ವೋಲ್ಟ್ ಮೀಟರು ಹನ್ನೆರಡು ಎನ್ನುತ್ತಿತ್ತು, ನೋಡುತ್ತಿದ್ದಂತೆ ಅದಕ್ಕಿಂತ ಕೆಳಗೆ ಜಾರಿತು. ಒಮ್ಮೆ ಆಕ್ಸಿಲರೇಟರನ್ನು ಜೋರಾಗಿ ಒತ್ತಿ ಬಿಟ್ಟಳು. ದೀಪ ಪಟ್ಟನೆ ಆರಿತು, ಮೀಟರು ಹದಿನಾಲ್ಕಕ್ಕೆ ಜಿಗಿಯಿತು. ಕಾಲು ತೆಗೆದ ಮೇಲೂ ಹದಿನಾಲ್ಕೇ, ಆಲ್ಟರ್ನೇಟರ್ ಎದ್ದಿತ್ತು. ಇಂಜಿನ್ ನಿಲ್ಲಿಸಿ ಮತ್ತೆ ಮೆಲ್ಲಗೆ ಸ್ಟಾರ್ಟ್ ಮಾಡಿದರೆ ಮತ್ತೆ ಹನ್ನೆರಡು.

ಎಲ್ಲವೂ ಒಟ್ಟಿಗೆ ತಲೆಗೆ ಹೊಳೆದು, ಅವಳು ಸೆರಗಿನೊಳಗೇ ಕೂತುಬಿಟ್ಟಳು. ಆ ಸಣ್ಣ ಬಲ್ಬಿನ ಮೂಲಕ ಹೋಗುವ ಕರೆಂಟು ಆಲ್ಟರ್ನೇಟರನ್ನು ಎಬ್ಬಿಸಲು ಸಾಲದು, ಇಂಜಿನ್ ಒಮ್ಮೆ ಜೋರಾಗಿ ತಿರುಗಿದರೆ ಮಾತ್ರ ಅದು ತಾನಾಗಿ ಏಳುತ್ತದೆ. ಗುರ್ ಎನ್ನಿಸುವ ಬಿರುಗಾಳಿಯ ಬ್ಯಾಟರಿ ಯಾಕೆ ಗಟ್ಟಿಯಾಗಿದೆ, ಹೂವಿನಂತೆ ಓಡಿಸುವ ಆಮೆಯದು ಯಾಕೆ ಮೊದಲು ಸತ್ತಿತು. ದೂರದ ಊರಿಗೆ ಹೋಗಿಬರುವ ಗಾಡಿಗಳಿಗೆ ಏನೂ ಆಗದೆ, ಊರೊಳಗೆ ನಿಂತು ನಿಂತು ಹೋಗುವವು ಯಾಕೆ ಸಾಯುತ್ತಿವೆ. ಭಾವ ಐದು ಗಾಡಿಯನ್ನೂ ಪರೀಕ್ಷೆ ಮಾಡಿ, ಆಲ್ಟರ್ನೇಟರ್ ಸರಿಯಾಗಿದೆ, ಬ್ಯಾಟರಿಯದೇ ತಪ್ಪು ಎಂದು ಯಾಕೆ ಹೇಳಿದರು. ಭಾವ ಯಾವ ಇಂಜಿನ್ನನ್ನಾದರೂ ಸ್ಟಾರ್ಟ್ ಮಾಡಿದೊಡನೆ ಒಮ್ಮೆ ರೇಸ್ ಮಾಡದೆ ಇರಲಾರರು, ಬೇರೆಯವರು ಕುರ್ಚಿಯಲ್ಲಿ ಕೂತೊಡನೆ ಮೀಸೆ ಸವರಿಕೊಳ್ಳುವ ಹಾಗೆ. ತಪ್ಪು ಅವಳದು. ಅದು ಎಷ್ಟು ಅವಳದೇ ಆಗಿತ್ತೆಂದರೆ, ಬೇರೆ ಯಾರಿಂದಲೂ ಇಂಥ ತಪ್ಪು ಆಗುತ್ತಿರಲಿಲ್ಲ. ಸೋಮಾರಿ ಕೆಲಸಗಾರನಾಗಿದ್ದರೆ ಸುಟ್ಟ ಬಲ್ಬನ್ನಷ್ಟೇ ತೆಗೆದು ಕೈತೊಳೆದುಕೊಳ್ಳುತ್ತಿದ್ದ. ಅಂಗಡಿಯ ಯಜಮಾನರು ಮೆಟ್ಟಿಲಿಗೆ ಊರಿದ ಕೈ ಕಣ್ಣಮುಂದೆ ಬಂತು. ಅಳು ಬರುತ್ತದೆಂದುಕೊಂಡಳು. ಬಂದದ್ದು ಬೇರೆ. ಒಳಗೆಲ್ಲೋ ಒಂದು ವಿಚಿತ್ರ ಹಿಗ್ಗು. ನನಗೆ ಗೊತ್ತಾಯಿತು. ಊರಿಗೇ ಗೊತ್ತಾಗದ್ದು ನನಗೆ ಗೊತ್ತಾಯಿತು. ಆ ಹಿಗ್ಗಿಗೆ ತಾನೇ ನಾಚಿಕೊಂಡು ಸೆರಗು ಸರಿಮಾಡಿಕೊಂಡಳು.

ಭಾವನಿಗೆ ಹೇಳಿದಳು. ಮೊದಲು ಅವರಿಗೆ ಕೇಳಿಸಲಿಲ್ಲ, ಎರಡನೆಯ ಸಲ ಹೇಳಬೇಕಾಯಿತು. ಅವರು ನಂಬಲಿಲ್ಲ, ಬಂದು ನೋಡಿದರು, ಸ್ಟಾರ್ಟ್ ಮಾಡಿದರು, ಕೈಗೆ ರೂಢಿಯಾದಂತೆ ರೇಸ್ ಮಾಡಿದರು, ಹದಿನಾಲ್ಕು ಬಂತು, ನೋಡು ಎಂದರು. ಅವಳು ಬಾಗಿ ಕೀಲಿ ತಿರುಗಿಸಿ ನಿಲ್ಲಿಸಿ, ತಾನೇ ಮತ್ತೆ ಸ್ಟಾರ್ಟ್ ಮಾಡಿ ತೋರಿಸಿದಳು. ಅವರು ಬಾಗಿ ಮೀಟರಿನ ಹನ್ನೆರಡನ್ನು ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ. ಐದು ಗಾಡಿಯ ಮುಂದೆ ನಿಂತು, ಹತ್ತು ಜನರೆದುರು, ಬ್ಯಾಟರಿಯದೇ ತಪ್ಪು ಎಂದು ತೀರ್ಪು ಕೊಟ್ಟ ಮನುಷ್ಯರು. ರಸ್ತೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಒಂದು ಕೆಲಸ ಮಾಡೋಣ. ಒಂದೊಂದೇ ಗಾಡಿ ಯಾವುದಕ್ಕಾದ್ರೂ ಬಂದೇ ಬರುತ್ತೆ. ಬಂದಾಗ ಸುಮ್ಮನೆ ಬಲ್ಬ್ ಬದಲಾಯಿಸಿಬಿಡು. ಯಾರಿಗೂ ಹೇಳೋದು ಬೇಡ."

"ಯಜಮಾನ್ರು?"

"ಅವರು ಈ ರಸ್ತೇಲಿ ನಲವತ್ತು ವರ್ಷದಿಂದ ಇದ್ದಾರೆ. ಇದನ್ನೂ ತಡ್ಕೋತಾರೆ."

ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಹೂಂ ಅಂದಂತೆಯೇ ಎಂದು ಮನೆಯವರೆಲ್ಲ ತಿಳಿದುಕೊಂಡಿದ್ದರಿಂದ ಭಾವ ನಿರಾಳವಾಗಿ ಟೈರುಗಳ ಕಡೆಗೆ ಹೋದರು. ಅವಳು ಮತ್ತೆ ಮೇಡಂ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದಳು. ಮೂರು ವ್ಯಾಟಿನ ಬಲ್ಬನ್ನೇ ಒರೆಸಿ ವಾಪಸು ಹಾಕಿದಳು. ಉಳಿದ ಬಲ್ಬುಗಳನ್ನು ಒಂದೊಂದಾಗಿ ಕೂರಿಸಿದಳು, ಬಟ್ಟೆಯಲ್ಲಿ ಹಿಡಿದು, ಬೆರಳಿನ ಜಿಡ್ಡು ಗಾಜಿಗೆ ತಾಗದಂತೆ. ಕೆಲಸ ಎಂದಿನಂತೆ ನಡೆಯುತ್ತಿತ್ತು, ಕೈಗಳಿಗೆ ಮನಸ್ಸಿನ ಗೊಡವೆಯಿರಲಿಲ್ಲ. ತಾನು ಎಷ್ಟು ಚೆನ್ನಾಗಿ ಸುಮ್ಮನಿರಬಲ್ಲೆ ಎಂದು ಯೋಚಿಸಿದಳು. ಅದೂ ಒಂದು ವಿದ್ಯೆಯೇ. ಬೇರೆಯವರ ಮಾತಿಗೆ ಅಡ್ಡ ಬರದಂತೆ, ಯಾರ ಕಣ್ಣಿಗೂ ಚುಚ್ಚದಂತೆ ಉರಿಯುತ್ತಾ ಬಹಳ ಕಾಲ ಬಾಳುವುದು. ಐವತ್ತು ತುಂಬುತ್ತಿದೆ. ಒಂದು ಸಲವೂ ಯಾರೊಂದಿಗೂ ಜಗಳವಾಡಿಲ್ಲ. ಆ ಲೆಕ್ಕಕ್ಕೆ ಎಂದೂ ಸುಟ್ಟುಹೋಗದ ಬಲ್ಬು ತಾನು. ಆದರೆ ಈ ಒಂದು ಹಾಳು ಬಲ್ಬು, ಬೆಳಕಿಗಾಗಿ ಇರುವುದೇ ಅಲ್ಲವಲ್ಲ. ಅದರ ಮೂಲಕ ಹಾದು ಇನ್ನೊಂದಕ್ಕೆ ಏನೋ ಹೋಗಬೇಕು. ಅದು ತನ್ನ ಬಾಳಿಕೆ ನೋಡಿಕೊಂಡು ಮಂದವಾಗಿ ಕೂತರೆ ಆಚೆಯವರು ಹಸಿದು ಸಾಯುತ್ತಾರೆ. ಹೋಲ್ಡರು ಕಂದಿದರೆ ಕಂದಲಿ, ಬಲ್ಬು ಸುಟ್ಟರೆ ಸುಡಲಿ, ಇನ್ನೊಂದು ಹಾಕಿದರಾಯಿತು. ಸ್ಟ್ಯಾಂಡಿನ ಕಡೆಯಿಂದ ಊಟ ಮುಗಿಸಿ ಬಾಯಿ ಮುಕ್ಕಳಿಸುವ ಸದ್ದು, ಪೊರಕೆಯಿಂದ ಕಂಬ ಉಜ್ಜುವ ಸದ್ದು ಕೇಳಿಸಿತು. ಬರಹ ಅಂಟಿಸಲು ಕಂಬವನ್ನು ಸಿದ್ಧ ಮಾಡುತ್ತಿದ್ದರು.

ಎದ್ದಳು. ಮೂರು ವ್ಯಾಟಿನ ಬಲ್ಬುಗಳ ಡಬ್ಬಿಯನ್ನು ಕೈಗೆತ್ತಿಕೊಂಡಳು. ಆಮೆಯ ಟ್ಯಾಕ್ಸಿಯೊಳಗೆ ಕೂತು, ಗೇರು ಹಾಕಿ, ಗ್ಯಾರೇಜಿನಿಂದ ಹೊರಗೆ ಬಿಟ್ಟುಕೊಂಡು ಹೊರಟಳು. ಹಿಂದೆ ಭಾವ ಏನೋ ಅಂದರು. ಸ್ಟ್ಯಾಂಡು ನೂರು ಹೆಜ್ಜೆ ದೂರ. ಆ ನೂರು ಹೆಜ್ಜೆಯಲ್ಲಿ ಅವಳು ಹನ್ನೊಂದು ವರ್ಷದ ಹುಡುಗಿಯಾಗಿ ಬಸ್ಸಿನಲ್ಲಿ ನಿಂತಿದ್ದಳು. ಇಳಿಯಬೇಕಾದ ಜಾಗ ಹತ್ತಿರ ಬರುತ್ತಿದೆ, ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡ ಹೆಂಗಸು ದಾರಿಗೆ ಅಡ್ಡ ಇದ್ದಾಳೆ, ನಿಲ್ಸಿ ಎನ್ನಬೇಕು, ಎರಡೂವರೆ ಅಕ್ಷರ, ಅದು ಗಂಟಲಿನವರೆಗೆ ಬಂತು, ಬಾಯಿ ತೆರೆದೂ ಇತ್ತು. ಬಸ್ಸು ಅವಳ ಮನೆಯ ಬಾಗಿಲು, ಬಾಗಿಲಲ್ಲಿ ನಿಂತ ಅಮ್ಮ, ಅಮ್ಮನ ಆಶ್ಚರ್ಯದ ಮುಖ ಎಲ್ಲವನ್ನೂ ಕಿಟಕಿಯಲ್ಲಿ ತೋರಿಸಿ ಮುಂದೆ ಹೋಯಿತು. ಕೊನೆಯ ಸ್ಟಾಪಿನಿಂದ ನಡೆದು ಬರುವಷ್ಟರಲ್ಲಿ ಸಂಜೆಯಾಗಿತ್ತು. ನಿದ್ದೆ ಹೋಗಿದ್ದೆ ಎಂದು ಸುಳ್ಳು ಹೇಳಿದ್ದಳು. ಈಗ ಟ್ಯಾಕ್ಸಿ ಕಂಬದ ಬುಡಕ್ಕೆ ಬಂದಿತ್ತು. ಬಿರುಗಾಳಿ ಬರಹದ ಹಾಳೆಯನ್ನು ಮೇಲಕ್ಕೆ ಹಿಡಿದಿದ್ದ, ಒಬ್ಬ ಅಂಟು ಸವರುತ್ತಿದ್ದ. ಆಚೆಯ ಅಂಗಡಿಯಲ್ಲಿ ಯಜಮಾನರು ತಮ್ಮದಲ್ಲದ ಯಾವುದೋ ಸಾವನ್ನು ನೋಡುವವರಂತೆ ಕೈಕಟ್ಟಿಕೊಂಡು ನಿಂತಿದ್ದರು.

ಅವಳು ಇಳಿದು, ತಪ್ಪು ನನ್ನದು ಅಂದಳು. ಯಾರೂ ತಿರುಗಿ ನೋಡಲಿಲ್ಲ. ಇನ್ನೊಮ್ಮೆ ಅಂದಳು. ಅಂಟು ಸವರುತ್ತಿದ್ದವನು, ಏನು ಚಿಕ್ಕಮ್ಮ, ಊಟ ಆಯ್ತಾ ಎಂದು ಕೇಳಿದ. ಹಾಳೆಯ ಒಂದು ಮೂಲೆ ಕಂಬಕ್ಕೆ ಅಂಟಿತು. ಆಗ ಅವಳಿಗೆ ತಾನು ಉಸಿರನ್ನು ಪೂರ್ತಿ ಎಳೆದುಕೊಂಡದ್ದು ಗೊತ್ತಾಯಿತು. ಇಷ್ಟು ಗಾಳಿ ಎದೆಯೊಳಗೆ ಹಿಡಿಯುತ್ತದೆಂದೇ ಅವಳಿಗೆ ತಿಳಿದಿರಲಿಲ್ಲ.

"ಆ ಹಾಳೆ ಇಳಿಸ್ರಿ. ಬ್ಯಾಟರಿ ಸಾಯಿಸಿದ್ದು ನಾನು."

ದನಿ ಸ್ಟ್ಯಾಂಡನ್ನು ದಾಟಿ, ರಸ್ತೆಯನ್ನು ದಾಟಿ, ಎದುರಿನ ಗೋಡೆಗೆ ಬಡಿದು ಅವಳ ಕಿವಿಗೇ ವಾಪಸು ಬಂತು. ಒರಟಾದ, ಸ್ವಲ್ಪ ಗಂಡುದನಿಯಂಥ ದನಿ. ಯಾರದಪ್ಪಾ ಎಂದು ಅವಳೇ ಒಂದು ಕ್ಷಣ ಬೆರಗಾದಳು. ಒಂಬತ್ತು ಮುಖಗಳು ತಿರುಗಿದವು. ಯಜಮಾನರು ಕಟ್ಟಿದ್ದ ಕೈಗಳನ್ನು ಬಿಟ್ಟರು. ದೊಡ್ಡ ಬಲ್ಬು ಕಿತ್ತು ಸಣ್ಣದು ಹಾಕಿದ್ದನ್ನು ಹೇಳಿದಳು. ಬಿರುಗಾಳಿ ಮೊದಲು ನಕ್ಕ. ಬಲ್ಬಿಗೂ ಬ್ಯಾಟರಿಗೂ ಏನು ಸಂಬಂಧ, ಬೆರಳಿನಷ್ಟು ಬಲ್ಬು ಇಷ್ಟು ದೊಡ್ಡ ಬ್ಯಾಟರಿಯನ್ನು ಕೊಲ್ಲುತ್ತದಾ, ಚಿಕ್ಕಮ್ಮನಿಗೆ ಮುದುಕರ ಮೇಲೆ ಕನಿಕರ ಬಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದಾರೆ ಎಂದ. ಬಹಳ ಜನ ಅದನ್ನು ನಂಬಿದರು, ಯಾಕೆಂದರೆ ಅದು ಅವಳ ಸ್ವಭಾವಕ್ಕೆ ಒಪ್ಪುವಂತಿತ್ತು. ಅವಳು ವಾದಕ್ಕೆ ನಿಲ್ಲಲಿಲ್ಲ. ಬಾಗಿಲು ತೆರೆದಿಟ್ಟು, ಎಲ್ಲರೂ ಬಂದು ಮೀಟರಿಗೆ ನೆರಳು ಮಾಡಿ ನಿಲ್ಲಿ ಎಂದಳು. ಕೇಳಿಕೊಳ್ಳಲಿಲ್ಲ, ಹೇಳಿದಳು. ಅವರು ಬಂದರು. ಮುಂದಿನ ಗಾಜಿನ ಮೇಲೆ, ಕಿಟಕಿಗಳಲ್ಲಿ, ಸೀಟಿನ ಹಿಂದೆ ತಲೆಗಳು ಒತ್ತಿಕೊಂಡು ಡ್ಯಾಶ್‌ಬೋರ್ಡು ಕತ್ತಲಾಯಿತು. ಯಜಮಾನರು ತಾವಾಗಿಯೇ ಬಂದು ಬಾನೆಟ್ ಎತ್ತಿ ತಮ್ಮ ವೋಲ್ಟ್ ಮೀಟರಿನ ಕ್ಲಿಪ್ಪುಗಳನ್ನು ಕಚ್ಚಿಸಿದರು. ಅಷ್ಟರಲ್ಲಿ ಭಾವ ಏದುಸಿರು ಬಿಡುತ್ತಾ ಬಂದರು. ಅವರು ಬೈಯಬಹುದೆಂದು ಅವಳು ಕಾದಳು. ಅವರು ಬೈಯಲಿಲ್ಲ, ಎಲ್ಲರೆದುರು ಬೈಯುವವರೂ ಅಲ್ಲ. ಡ್ರೈವರ್ ಸೀಟಿನಲ್ಲಿ ಕೂತರು. ಮುಖ ಕೆಂಪಾಗಿತ್ತು. ಬಹುಶಃ ಕೆಲಸವನ್ನು ತಮ್ಮ ಕೈಗೆ ತೆಗೆದುಕೊಂಡರೆ ಮಾನ ಅರ್ಧವಾದರೂ ಉಳಿಯುತ್ತದೆಂದುಕೊಂಡಿರಬೇಕು. ಅವಳು ನೆಲಕ್ಕೆ ಬೆನ್ನು ಹಾಕಿ ಅವರ ಕಾಲುಗಳ ನಡುವೆ ತಲೆ ತೂರಿಸಬೇಕಾಯಿತು. ಅವರು ಸ್ಟಾರ್ಟ್ ಮಾಡಿದರು. ಬಲಗಾಲು ತಾನಾಗಿಯೇ ಎದ್ದು ಆಕ್ಸಿಲರೇಟರಿನ ಕಡೆ ಹೊರಟದ್ದು ಅವಳಿಗೆ ಎರಡು ಬೆರಳಿನಷ್ಟು ಹತ್ತಿರದಿಂದ ಕಂಡಿತು.

"ಕಾಲು ತೆಗೀರಿ, ಭಾವ."

ಕಾಲು ಅಲ್ಲೇ ನಿಂತಿತು. ಆಮೇಲೆ ಬಹಳ ನಿಧಾನಕ್ಕೆ, ಬಿಸಿ ಪಾತ್ರೆಯಿಂದ ಕೈ ತೆಗೆಯುವಂತೆ, ಹಿಂದಕ್ಕೆ ಸರಿಯಿತು. ಮೀಟರಿನಲ್ಲಿ ಮಂದವಾಗಿ ಕೆಂಪು ಕಾಣಿಸಿತು. ಕಾಣುತ್ತೆ, ಕಾಣುತ್ತೆ ಎಂದು ಆಮೆ ಮೆಲ್ಲಗೆ ಅಂದ. ಹನ್ನೆರಡು, ಎಂದರು ಯಜಮಾನರು ಮುಂದಿನಿಂದ, ಇಳೀತಾ ಇದೆ. ಇಂಜಿನ್ ನಿಲ್ಲಿಸಲು ಹೇಳಿ, ಅವಳು ಕಣ್ಣು ಮುಚ್ಚಿ ಕೈ ತೂರಿಸಿದಳು. ಹೋಲ್ಡರನ್ನು ಕಾಲು ಸುತ್ತು ತಿರುಗಿಸಿ ಎಳೆದು, ಸಣ್ಣ ಬಲ್ಬನ್ನು ತೆಗೆದು ಕಿಟಕಿಯ ಕಡೆ ಚಾಚಿದಳು. ಯಾರೋ ಅದನ್ನು ತೆಗೆದುಕೊಂಡರು. ಅದು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಹೋದದ್ದು ಅವಳಿಗೆ ಸದ್ದಿನಿಂದಲೇ ತಿಳಿಯಿತು. ಮೂರು ವ್ಯಾಟಿನದನ್ನು ಕೂರಿಸಿ, ಅಲುಗಾಡಿಸಿ ನೋಡಿ, ಹೂಂ ಅಂದಳು. ಭಾವ ಕೀಲಿ ತಿರುಗಿಸಿದರು. ಕೆಂಪು ದೀಪ ಹತ್ತಿತು. ಈ ಸಲ ಮುಖಗಳೆಲ್ಲ ಅದರ ಬಣ್ಣಕ್ಕೆ ತಿರುಗುವಷ್ಟು ಉರಿಯಾಗಿ, ನಾಚಿಕೆಯಿಲ್ಲದೆ. ಇಂಜಿನ್ ಸ್ಟಾರ್ಟ್ ಆಯಿತು. ಭಾವ ತಮ್ಮ ಎರಡೂ ಕಾಲನ್ನು ಎತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದರು, ತಮ್ಮ ಕಾಲನ್ನು ತಾವೇ ನಂಬದವರಂತೆ. ದೀಪ ಒಮ್ಮೆ ಮಿನುಗಿ, ಪೂರ್ತಿ ಆರಿಹೋಯಿತು. ಹದಿನೆಂಟು ವರ್ಷ ದೀಪ ಹತ್ತಿಸುವುದೇ ಕಸುಬಾಗಿದ್ದವಳು, ಒಂದು ದೀಪ ಆರಿದ್ದನ್ನು ಉಸಿರು ಹಿಡಿದು ಕ್ಲಚ್ಚಿನ ಪಕ್ಕದಿಂದ ಕತ್ತೆತ್ತಿ ನೋಡಿದಳು. ಮುಂದಿನಿಂದ ಯಜಮಾನರ ದನಿ ಒಂದೊಂದೇ ಮೆಟ್ಟಿಲು ಹತ್ತಿದಂತೆ ಬಂತು. ಹನ್ನೆರಡೂವರೆ. ಹದಿಮೂರು. ಹದಿಮೂರೂವರೆ. ಆಮೇಲೆ, ಹದಿನಾಲ್ಕು, ತಾಯಿ, ಉಣ್ತಾ ಇದೆ.

ಚಪ್ಪಾಳೆ ಯಾರೂ ತಟ್ಟಲಿಲ್ಲ, ತಟ್ಟುವ ಜನ ಅಲ್ಲ. ಕಂಬದ ಮೇಲಿನ ಹಾಳೆ ಯಾವಾಗ ಕೆಳಗಿಳಿಯಿತೆಂದು ಅವಳು ನೋಡಲೇ ಇಲ್ಲ. ಅವಳು ಹೊರಗೆ ಬಂದಾಗ ಅದು ನಾಲ್ಕು ಮಡಿಕೆಯಾಗಿ ಬಿರುಗಾಳಿಯ ಜೇಬಿನಲ್ಲಿತ್ತು. ಇಬ್ಬರು ಮೂವರು ಎದುರಿಗೇ ಬೈದರು. ತಿಂಗಳು ಪೂರ್ತಿ ಗಾಡಿ ತಳ್ಳಿದ್ದೇವೆ ಅಂದರು. ಅವಳು ಕೇಳಿಸಿಕೊಂಡಳು. ಬೈಗಳು ಮೈಮೇಲೆ ಬಿದ್ದವು, ಬಿದ್ದು ಉರುಳಿಹೋದವು. ಸುಟ್ಟುಹೋಗುವಂಥದ್ದೇನೂ ಆಗಲಿಲ್ಲ. ಭಾವ ಕಾಲು ಇಳಿಸಿ ಹೊರಗೆ ಬಂದು, ಯಜಮಾನರ ಎದುರು ನಿಂತು, ನಾನೂ ನೋಡದೆ ಹೇಳಿಬಿಟ್ಟೆ ಎಂದಷ್ಟೇ ಅಂದರು. ಯಜಮಾನರು, ನಿನ್ನ ಕಾಲನ್ನು ಮನೇಲಿ ಬಿಟ್ಟು ಬಾ ಮುಂದಿನ ಸಲ ಎಂದರು. ಆಮೇಲೆ ಅವಳ ಕಡೆ ತಿರುಗಿ, ಗಂಟಲಿಗೆ ಕೈ ತೋರಿಸಿ ಕೇಳಿದರು:

"ಇಷ್ಟು ವರ್ಷ ಎಲ್ಲಿಟ್ಟಿದ್ದೆ ತಾಯಿ ಇದನ್ನ?"

ಒಂದಾದ ಮೇಲೊಂದು ಗಾಡಿ ಸಾಲಿಗೆ ಬಂತು, ಬ್ಯಾಟರಿ ಬಿಚ್ಚಿದವಕ್ಕೆ ಯಜಮಾನರೇ ಎರವಲು ಕೊಟ್ಟರು. ಎರಡನೆಯದು, ಮೂರನೆಯದು. ಪ್ರತಿಯೊಂದರಲ್ಲೂ ತಲೆಗಳು ಸೇರಿ ನೆರಳು ಮಾಡಿದವು, ಪ್ರತಿಯೊಂದರಲ್ಲೂ ದೀಪ ಉರಿದು ಆರಿತು. ನಾಲ್ಕನೆಯದರ ಹೊತ್ತಿಗೆ ಡ್ರೈವರುಗಳು ಆರುವುದನ್ನು ಬಾಯಿಬಿಟ್ಟು ಎಣಿಸತೊಡಗಿದ್ದರು. ಮೆಟ್ಟಿಲ ಮೇಲಿನ ಬ್ಯಾಟರಿಗಳನ್ನು ಅವರವರೇ ಹೊತ್ತು ಒಳಗಿಟ್ಟರು. ಯಜಮಾನರು ಅವನ್ನು ಚಾರ್ಜಿಗೆ ಹಾಕುತ್ತಾ, ಒಂದೊಂದಕ್ಕೂ ಏನೋ ಹೇಳುತ್ತಿದ್ದರು. ಬಿರುಗಾಳಿ ಮಾತ್ರ ತನ್ನ ಗಾಡಿ ಸರಿಯಾಗಿದೆ, ಬಲ್ಬು ಬೇಡ ಎಂದು ದೂರ ನಿಂತ. ನಿಜವೇ, ಅವನಿಗೇನೂ ಆಗಿರಲಿಲ್ಲ. ಅವಳು ಅವನ ಗಾಡಿಯ ಬಾಗಿಲು ತೆರೆದು ನಿಂತು, ಒಂದು ಸಲ ಮೆಲ್ಲಗೆ ಸ್ಟಾರ್ಟ್ ಮಾಡಪ್ಪ, ಗುರ್ ಅನ್ನಿಸದೆ, ಎಂದಳು. ಅವನು ಕೂತ. ಎಷ್ಟು ಪ್ರಯತ್ನಿಸಿದರೂ ಅವನ ಕಾಲಿಗೆ ಅದು ಬರಲಿಲ್ಲ. ಮೂರು ಸಲವೂ ಗುರ್ ಎಂದಿತು. ಮೊದಲು ನಕ್ಕವನು ಆಮೆ. ಈ ಸಲ ತನ್ನನ್ನು ಕಾಪಾಡಿಕೊಳ್ಳಲು ಅಲ್ಲ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. ಕೊನೆಗೆ ಬಿರುಗಾಳಿಯೂ ನಕ್ಕು, ಸೀಟು ಬಿಟ್ಟುಕೊಟ್ಟ.

ಒಂಬತ್ತನೆಯದು ಮುಗಿಯುವಾಗ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಬೆನ್ನೆಲ್ಲ ಧೂಳು, ಮೊಣಕೈಯಲ್ಲಿ ತರಚು, ಗಂಟಲು ಒಡೆದಂತೆ. ಅವಳಿಗೆ ಹಸಿವಾಗಿತ್ತು, ಯಾರಿಗಾದರೂ ಹೇಳಬೇಕೆನ್ನಿಸುವಷ್ಟು. ಆಗ ವಯಸ್ಸಾದ ಹೆಂಗಸೊಬ್ಬಳು ಕೋಲೂರಿಕೊಂಡು ಬಂದು ಆಮೆಯನ್ನೇ ಕೇಳಿದಳು. ಅವನು ಬಾಗಿಲು ತೆರೆದು, ಅವಳ ಕೋಲನ್ನು ಒಳಗಿಟ್ಟು, ಸೀಟಿನಲ್ಲಿ ಅವಳು ಸರಿಯಾಗಿ ಕೂತಳೇ ಎಂದು ಎರಡು ಸಲ ನೋಡಿ, ತಾನು ಕೂತು, ಮೆಲ್ಲಗೆ ಸ್ಟಾರ್ಟ್ ಮಾಡಿದ. ಡ್ಯಾಶ್‌ಬೋರ್ಡಿನ ಮೇಲೆ ಬಾಗಿ ನೋಡಿದ. ಆರಿದೆ ಎಂದು ಅವಳಿಗೆ ಕೈಯೆತ್ತಿ ಸನ್ನೆ ಮಾಡಿದ. ತನ್ನ ಎಂದಿನ ವೇಗದಲ್ಲಿ, ನಡೆಯುವವರಿಗಿಂತ ಚೂರು ಮುಂದಾಗಿ ರಸ್ತೆಗಿಳಿದ. ಅವನ ಹಿಂದೆ ಒಂದು ವ್ಯಾನು, ಎರಡು ಕಾರು, ಒಂದು ಲಾರಿ ಸೇರಿಕೊಂಡು ಒಟ್ಟಿಗೆ ಹಾರನ್ ಒತ್ತತೊಡಗಿದವು. ಅವನ ತಲೆ ಹೆಗಲೊಳಗೆ ಕುಸಿದದ್ದು ಹಿಂದಿನ ಗಾಜಿನಲ್ಲಿ ಕಂಡಿತು. ಅವಳು ರಸ್ತೆಯ ನಡುವಿಗೆ ನಡೆದು, ಲಾರಿಯ ಮೂತಿಯ ಮುಂದೆ ನಿಂತು, ಮಸಿ ಹಿಡಿದ ಕೈಯನ್ನು ಮೇಲೆತ್ತಿದಳು.

"ಹಾರನ್ ಯಾಕ್ರೀ ಹೊಡೀತೀರಾ? ಹೋಗ್ತಾ ಇದ್ದಾನಲ್ಲ. ಬ್ಯಾಟರಿ ತುಂಬಿಸ್ಕೊಂಡು ಹೋಗ್ತಾ ಇದ್ದಾನೆ. ಅವನು ಹೋಗೋ ಹಾಗೇ ಹೋಗ್ಲಿ ಬಿಡಿ."

ಹಾರನ್‌ಗಳು ಒಂದೊಂದಾಗಿ ನಿಂತವು. ಟ್ಯಾಕ್ಸಿ ತಿರುವಿನವರೆಗೆ ಹೋಗಿ, ಕೈ ಚಾಚಿ ಸನ್ನೆ ಮಾಡಿ, ಅವಸರವೇ ಇಲ್ಲದೆ ತಿರುಗಿಕೊಂಡಿತು. ಅದು ಮರೆಯಾಗುವವರೆಗೂ ಅವಳು ಕೈ ಇಳಿಸಲಿಲ್ಲ. ಆಮೇಲೆ ಪಕ್ಕಕ್ಕೆ ಸರಿದು, ಈಗ ಹೋಗಿ ಎಂದು ಲಾರಿಗೆ ದಾರಿ ಬಿಟ್ಟಳು.